ಹೆಣ್ಣು ವಿಚಾರಿಸಲು ಬಂದವರು

ಹನ್ನೊಂದು ವರ್ಷ ನಾನು ಒಬ್ಬಳ ಕೇಡು ಬಯಸಿದೆ. ಚರ್ಚಿನಲ್ಲಿ ಎಲ್ಲರ ಜೊತೆ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದರೆ ತುಟಿ ಬಿಗಿಹಿಡಿಯುತ್ತಿದ್ದೆ. ದೇವರ ಎದುರು ಸುಳ್ಳು ಹೇಳಬಾರದಲ್ಲ, ಅದಕ್ಕೆ.

ಅವಳು ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ನನ್ನ ಜೊತೆ ಟೀಚರ್ ಆಗಿದ್ದವಳು. ನಾನು ಗಣಿತ, ಅವಳು ಸಮಾಜ. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಟ್ಟಿಗೆ ತೆರೆಯುತ್ತಿತ್ತು. ಅವಳ ಮಗಳು ಅದೇ ಶಾಲೆಯಲ್ಲಿ ಐದನೇ ಕ್ಲಾಸು. ಒಂದು ದಿನ ನನ್ನ ಪಿರಿಯಡ್ಡಿನಲ್ಲಿ ಆ ಮಗುವಿನ ಮೈ ಕೆಂಡದ ಹಾಗೆ ಸುಡತೊಡಗಿತು. ಬೆಂಚಿನ ಮೇಲೆ ಮಲಗಿಸಿ, ಕರ್ಚೀಫು ಒದ್ದೆ ಮಾಡಿ ಹಣೆಗೆ ಹಾಕಿ, ತಾಯಿಗೆ ಹೇಳಿಕಳಿಸಿದೆ. ಅವಳು ಬರುವಷ್ಟರಲ್ಲಿ ಮಗುವಿನ ತಲೆಯ ಮೇಲೆ ಕೈಯಿಟ್ಟು ಕಣ್ಣುಮುಚ್ಚಿದ್ದೆ. ಜ್ವರ ಬಂದ ಮಗುವಿನ ಪಕ್ಕ ಕೂತರೆ ನನಗೆ ತಾನಾಗಿ ಬರುವುದೇ ಅದು. ಬಾಗಿಲಲ್ಲಿ ನಿಂತು ಅವಳು ನೋಡಿದಳು. ಮಗುವನ್ನು ಎತ್ತಿಕೊಂಡು ಹೋದಳು.

ಮೂರನೇ ದಿನ ಆಡಳಿತ ಮಂಡಳಿಯವರು ಕರೆಸಿದರು. ಮಕ್ಕಳನ್ನು ನಮ್ಮ ಜಾತಿಗೆ ಸೇರಿಸುತ್ತಿದ್ದೇನಂತೆ, ಕ್ಲಾಸಿನಲ್ಲಿ ಪಾಠ ಬಿಟ್ಟು ಪ್ರಾರ್ಥನೆ ಕಲಿಸುತ್ತಿದ್ದೇನಂತೆ. ಅವಳು ಅಲ್ಲೇ ಕೂತಿದ್ದಳು. "ನಾನು ಕಣ್ಣಾರೆ ಕಂಡಿದ್ದನ್ನ ಹೇಳಿದೀನಿ, ಅಷ್ಟೇ" ಎಂದಳು. ನನ್ನ ಮುಖ ನೋಡಲಿಲ್ಲ. ನಾಳೆಯಿಂದ ಬರಬೇಡಿ ಅಂದರು.

ಕೆಲಸ ಹೋದದ್ದು ಒಂದು ಕಡೆಗಿರಲಿ. ಮಗನಿಗೆ ಟ್ಯೂಷನ್ ಹೇಳಿಕೊಡಿ ಎಂದು ಗೋಗರೆಯುತ್ತಿದ್ದವರು ಸಂತೆಯಲ್ಲಿ ನನ್ನನ್ನು ಕಂಡು ದಾರಿ ಬದಲಿಸಿದರು. ಯುಗಾದಿಗೆ ನಮ್ಮಮ್ಮನ ಮನೆಗೆ ತಪ್ಪದೆ ಒಬ್ಬಟ್ಟು ಕಳಿಸುತ್ತಿದ್ದ ಎದುರು ಮನೆಯವರು ಆ ವರ್ಷ ಬಾಗಿಲು ಹಾಕಿಕೊಂಡರು. ನಮ್ಮಮ್ಮ ಸಂಜೆಯವರೆಗೂ ಕಾದಳು. ಆ ಸಂಜೆಯನ್ನು ನಾನು ಮರೆಯಲಾರೆ. ನನ್ನ ಗಂಡನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸವಿತ್ತು. ಗುಬ್ಬಿ ಬಿಟ್ಟು ತುಮಕೂರಿಗೆ ಬಂದು, ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದೆವು.

ಹೋದ ವರ್ಷ ಒಂದು ಭಾನುವಾರ ಆರಾಧನೆ ಮುಗಿಸಿ ಬಂದು ಸೀರೆ ಕೂಡ ಬದಲಿಸಿರಲಿಲ್ಲ. ಪಕ್ಕದ ಮನೆಯಾಕೆ ತನ್ನ ಅಕ್ಕನನ್ನು ಕರೆದುಕೊಂಡು ಬಂದಳು. ಆಕೆ ಕುಣಿಗಲ್‌ನವರು. ಮಾರ್ಕೋನಹಳ್ಳಿ ನಾಲೆಯ ಕೆಳಗೆ ಗದ್ದೆ, ಮಗ ಬ್ಯಾಂಕಿನಲ್ಲಿ ಗುಮಾಸ್ತ. ಮಗನಿಗೆ ಗುಬ್ಬಿಯಲ್ಲಿ ಒಂದು ಹೆಣ್ಣು ನೋಡಿದ್ದರು.

"ಹುಡುಗಿ ತಾಯಿ ನಿಮ್ ಜೊತೇನೇ ಕೆಲ್ಸ ಮಾಡ್ತಿದ್ರಂತಲ್ಲ. ಮನೆ ಹೆಂಗೆ, ಹುಡುಗಿ ಹೆಂಗೆ, ಒಸಿ ಹೇಳ್ರಮ್ಮ. ನೀವು ಚರ್ಚಿಗೋಗೋರು, ಸುಳ್ಳೇಳಲ್ಲ ಅಂತ ನಮ್ ತಂಗಿ ಅಂದ್ಲು."

ಫೋಟೋ ತೋರಿಸಿದರು. ಅದೇ ಮಗು. ಕಣ್ಣು ಬದಲಾಗಿರಲಿಲ್ಲ.

ಹನ್ನೊಂದು ವರ್ಷ ಕಾದಿದ್ದ ಅವಕಾಶ ನನ್ನ ಮನೆಯ ಸೋಫಾದ ಮೇಲೇ ಬಂದು ಕೂತಿತ್ತು. ಸುಳ್ಳು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಫೋಟೋ ಹಿಂದಿರುಗಿಸಿ ನಿಟ್ಟುಸಿರು ಬಿಟ್ಟೆ. "ಹೆಣ್ಮಗು ವಿಷ್ಯ. ನನ್ನ ಬಾಯಿಂದ ಯಾಕಮ್ಮ ಕೇಳ್ತೀರಿ? ಬೇರೆ ಕಡೆ ವಿಚಾರ್ಸಿ" ಎಂದೆ.

ಆಕೆ ಅರ್ಧ ಕುಡಿದ ಕಾಫಿಯನ್ನು ಕೆಳಗಿಟ್ಟರು.

ವಾರ ಕಳೆಯುವಷ್ಟರಲ್ಲಿ ಸಂಬಂಧ ಮುರಿಯಿತು. ಪಕ್ಕದ ಮನೆಯಾಕೆ ಬಂದು ಹೇಳಿದ ದಿನ ನಾನು ಕೇಸರಿಬಾತು ಮಾಡಿದೆ, ಗೋಡಂಬಿ ಜಾಸ್ತಿ ಹಾಕಿ. "ಏನ್ ವಿಶೇಷ?" ಎಂದು ಗಂಡ ಕೇಳಿದರು. "ಸುಮ್ನೆ, ಆಸೆ ಆಯ್ತು" ಅಂದೆ. ಗುಬ್ಬಿಯ ಮನೆಯೊಂದರಲ್ಲಿ ಈಗ ಅವಳು ಕೂತು ಅಳುತ್ತಿರಬಹುದು ಎಂದು ನೆನೆದಾಗಲೆಲ್ಲ ಇನ್ನೊಂದು ಚಮಚ ಬಡಿಸಿಕೊಂಡೆ. ಅಷ್ಟು ರುಚಿಯಾದದ್ದನ್ನು ನಾನು ಬಹಳ ವರ್ಷಗಳಿಂದ ತಿಂದಿರಲಿಲ್ಲ.

ಮತ್ತೆರಡು ವಾರಕ್ಕೆ ಬಟ್ಟೆ ಒಣಗಿಹಾಕುತ್ತಾ ಪಕ್ಕದ ಮನೆಯಾಕೆ ದನಿ ತಗ್ಗಿಸಿದಳು.

"ಅಕ್ಕಾ, ಆ ಹುಡುಗಿ ಯಾರ್ ಜೊತೇನೋ ಓಡೋಗಿ ವಾಪಸ್ ಬಂದವ್ಳಂತೆ. ಅದಕ್ಕೇ ನೀವು ಆವತ್ತು ಬಾಯ್ಬಿಡ್ಲಿಲ್ಲ, ಅಲ್ವಾ?"

"ಯಾರು ಹೇಳಿದ್ದು?"

"ಎಲ್ರೂ ಹಂಗೇ ಅಂತಾವ್ರೆ. ಕುಣಿಗಲ್ಲಲ್ಲೂ, ಗುಬ್ಬೀಲೂ."

ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ. ನಾನು ಹಾಗಂದಿರಲಿಲ್ಲ. ಏನನ್ನೂ ಅಂದಿರಲಿಲ್ಲ. ಆ ಹುಡುಗಿಯ ತಾಯಿ ಕೂಡ ಆವತ್ತು ಶಾಲೆಯಲ್ಲಿ ಕಂಡದ್ದನ್ನಷ್ಟೇ ಹೇಳಿದ್ದಳು, ಉಳಿದದ್ದನ್ನು ಊರು ಸೇರಿಸಿತ್ತು. ನನಗೆ ಮಾಡಿದ್ದನ್ನೇ ನಾನು ಮಾಡಿದ್ದೆ, ಅವಳಿಗಲ್ಲ, ಜ್ವರದಲ್ಲಿ ನನ್ನ ಸೆರಗು ಹಿಡಿದು ಮಲಗಿದ್ದ ಮಗುವಿಗೆ.

ಆ ವಾರವೆಲ್ಲ ನನ್ನೊಳಗೆ ವಾದ ನಡೆಯಿತು. ನೀನೇನು ಸುಳ್ಳು ಹೇಳಿದೆಯಾ? ಇಲ್ಲ. ನ್ಯಾಯ ಸಿಕ್ಕಿತು, ಸುಮ್ಮನಿರು. ಮೊಣಕಾಲೂರಿದರೆ ಪ್ರಾರ್ಥನೆ ಬರುತ್ತಿರಲಿಲ್ಲ, ಬರೀ ಆ ಸೋಫಾ ಕಾಣುತ್ತಿತ್ತು. ಕೊನೆಗೆ ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ. "ಹೋಗಿ ಹೇಳ್ಬುಡು. ಇಲ್ದಿದ್ರೆ ನಿಂಗೆ ಅನ್ನ ಸೇರಲ್ಲ" ಎಂದರು.

ಕುಣಿಗಲ್ ಬಸ್ಸು ಹತ್ತಿದೆ. ಪ್ರೀತಿಯಿಂದ ಹೋದೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ಅವಳ ಹಾಗೆ ಆಗಬಾರದು ಎಂಬ ಹಟದಿಂದ ಹೋದೆ. ಹುಡುಗನ ತಾಯಿ ಅಂಗಳದಲ್ಲಿ ಹುರುಳಿ ಹರಡುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ: ಹುಡುಗಿಯ ತಾಯಿಯಿಂದ ನನ್ನ ಕೆಲಸ ಹೋದದ್ದು, ನಾನು ಸೇಡಿಗಾಗಿ ನಿಟ್ಟುಸಿರು ಬಿಟ್ಟದ್ದು. "ಹುಡುಗಿ ಅಪರಂಜಿ ಅಮ್ಮ. ಯಾರ ಜೊತೇನೂ ಎಲ್ಲಿಗೂ ಹೋಗಿಲ್ಲ. ಆ ಮಾತು ಹುಟ್ಟಿದ್ದು ನನ್ನಿಂದ."

ಆಕೆ ಕೈ ಕೊಡವಿಕೊಂಡು ಎದ್ದರು. "ಎಂಥಾ ಹೆಂಗ್ಸಮ್ಮ ನೀನು? ನಿಮ್ ದೇವ್ರು ಇದ್ನೇ ಕಲ್ಸಿರೋದಾ? ನಮ್ಮನೇಲೂ ಹೆಣ್ಮಕ್ಳವ್ರೆ ಕಣಮ್ಮ!"

ತಲೆತಗ್ಗಿಸಿ ಕೇಳಿಸಿಕೊಂಡೆ. ನೀರು ಕೂಡ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಕುಡಿದು ವಾಪಸು ಬಂದೆ.

ಆದರೆ ಆಕೆ ಒಳ್ಳೆಯವರು. ತಾವೇ ಗುಬ್ಬಿಗೆ ಹೋಗಿ ಮಾತು ಮುಂದುವರಿಸಿದರು. ನಾನು ಬಂದು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಎರಡು ತಿಂಗಳ ಮೇಲೆ ಫೋನು ಬಂತು. ದೊಡ್ಡವಳಾದ ಹುಡುಗಿಯ ದನಿ. "ಮಿಸ್, ಎಲ್ಲ ಗೊತ್ತಾಯ್ತು. ನಂಗೆ ಸಿಟ್ಟು ಬಂದಿತ್ತು, ಈಗಿಲ್ಲ. ಮದ್ವೆಗೆ ಬನ್ನಿ ಮಿಸ್."

ಹೋದೆ. ಕುಣಿಗಲ್‌ನ ಛತ್ರ. ಅಕ್ಷತೆ ಹಾಕಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟೆ. ಈ ಸಲ ಕಣ್ಣು ತೆರೆದೇ ಇಟ್ಟಿದ್ದೆ. ಕೆಳಗಿಳಿದಾಗ ಅವಳು ಎದುರು ನಿಂತಿದ್ದಳು, ತಾಯಿ. ಕೂದಲು ಬೆಳ್ಳಗಾಗಿತ್ತು.

"ಊಟ ಆಯ್ತಾ ಮಿಸ್?"

"ಆಯ್ತು."

ಇನ್ನೊಂದು ಮಾತಿಗಾಗಿ ಕಾದೆ. ಅವಳೂ ಕಾಯುತ್ತಿದ್ದಳೋ ಏನೋ. ಅಷ್ಟರಲ್ಲಿ ಯಾರೋ ಕರೆದರು, ಹೊರಟುಹೋದಳು.

ಬಸ್ಸು ಹೆಬ್ಬೂರು ದಾಟುವವರೆಗೂ ಅವಳಿಗೆ ಹೇಳಬಹುದಾಗಿದ್ದ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಎಲ್ಲವೂ ಒಂದಕ್ಕಿಂತ ಒಂದು ಚೂಪಾಗಿದ್ದವು. ಆಡಿದ್ದರೆ ನೆಟ್ಟಗೆ ಎದೆಗೇ ನಾಟುತ್ತಿದ್ದವು. ಒಂದನ್ನೂ ಆಡದೆ ಬಂದಿದ್ದೆ, ಆ ದಿನದ ಮಟ್ಟಿಗೆ.