ಗಂಜಿಯಕ್ಕ ಒಗೆದ ಕೆಂಪು ಬಾವುಟಗಳು

ಅವಳ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತೋ ಏನೋ. ಊರಿಗೆಲ್ಲ ಅವಳು ಗಂಜಿಯಕ್ಕ. ಅವಳು ಗಂಜಿ ಹಾಕಿ ಕೊಟ್ಟ ಅಂಗಿ ತಾನಾಗಿಯೇ ಎದ್ದು ಆಫೀಸಿಗೆ ಹೋಗಿಬರುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಆಸ್ಪತ್ರೆಯ ಹಾಸುಬಟ್ಟೆ, ಎರಡು ಲಾಡ್ಜುಗಳ ಟವೆಲು, ಬ್ಯಾಂಕಿನವರ ಅಂಗಿ ಎಲ್ಲ ಅವಳ ಕೈ ದಾಟಿಯೇ ಹೋಗಬೇಕು. ಒಗೆಯುವುದು ಅವಳು, ಇಸ್ತ್ರಿ ಗಂಡನದು. ಗಂಡ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಮನೆಯ ಹಿಂದೆ ಮಾವ ಕೊಂಡಿದ್ದ ಅರ್ಧ ಎಕರೆ ಬಯಲು. ಅದರಲ್ಲಿ ಮೂವತ್ತೆರಡು ಮರದ ಕಂಬ, ಕಂಬದಿಂದ ಕಂಬಕ್ಕೆ ಹಗ್ಗ. ಮದುವೆಯಾಗಿ ಬಂದ ಮರುದಿನದಿಂದ ಅವಳು ಬಟ್ಟೆ ಒಣಹಾಕಿದ್ದು ಅಲ್ಲೇ. ಅಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು: ಆ ಬಯಲಿನಲ್ಲಿ ಕೊಳೆ ಬಟ್ಟೆ ಕಣ್ಣಿಗೆ ಬೀಳಕೂಡದು. ಪಕ್ಕದ ಮನೆಯವರು ಬೇಲಿಯ ಮೇಲೆ ಹಳೇ ಚಾಪೆ ಹರವಿದರೂ ಹೇಳದೆ ಕೇಳದೆ ಎಳೆದುಕೊಂಡು ತೊಳೆದು, ಮಡಿಸಿ ವಾಪಸು ಕೊಡುತ್ತಿದ್ದಳು. ಮೊದಮೊದಲು ಆ ಮನೆಯವರು ಮುಖ ಊದಿಸಿಕೊಂಡಿದ್ದರು. ಆಮೇಲೆ ಬೇಕೆಂದೇ ಚಾಪೆ ಹಾಕತೊಡಗಿದರು.

ಹೀಗಿರುವಾಗ ಗ್ಯಾಸ್ ಕಂಪನಿ ಬಂತು. ಎಲ್ಲಿಯದೋ ಬಂದರಿನಿಂದ ಇನ್ನೆಲ್ಲಿಯದೋ ಕಾರ್ಖಾನೆಗೆ ಕೊಳವೆ ಹೋಗಬೇಕಂತೆ, ನಡುವೆ ಈ ಊರು ಸಿಕ್ಕಿತಂತೆ. ಇಪ್ಪತ್ತು ಮೀಟರ್ ಅಗಲದ ಪಟ್ಟಿ ಸಾಕು, ಜಾಗ ನಿಮ್ಮ ಹೆಸರಿನಲ್ಲೇ ಇರುತ್ತದೆ, ಆದರೆ ಅಲ್ಲಿ ಮರ ನೆಡಬಾರದು, ಕಂಬ ಹೂಳಬಾರದು, ಹುಲ್ಲು ಬೇಕಾದರೆ ಬೆಳೆದುಕೊಳ್ಳಿ ಎಂದರು ಕಂಪನಿಯವರು, ದೊಡ್ಡ ಮನಸ್ಸು ಮಾಡಿದವರ ಹಾಗೆ. ಹುಲ್ಲಿಗೆ ಗಂಜಿ ಹಾಕಲೇ ಎಂದು ಗಂಜಿಯಕ್ಕ ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ಆ ಪಟ್ಟಿ ಹೋದರೆ ಇಪ್ಪತ್ತಾರು ಕಂಬ ಹೋಗುತ್ತಿದ್ದವು. ಉಳಿದ ಆರು ಕಂಬದಲ್ಲಿ ಆಸ್ಪತ್ರೆಯ ಒಂದು ವಾರ್ಡಿನ ಬಟ್ಟೆಯೂ ಒಣಗುವುದಿಲ್ಲ.

ಊರಿನವರು ಹೋರಾಟ ಸಮಿತಿ ಕಟ್ಟಿದರು. ಅದಕ್ಕೆ ಮುಂದಾಳು ಭೂಗೋಳ ಪಾಠ ಮಾಡಿ ನಿವೃತ್ತರಾದ ಟೀಚರಮ್ಮ. ಒಂಟಿ ಜೀವ, ಚೂಪು ನಾಲಿಗೆ, ಮೆತ್ತನೆ ಮನಸ್ಸು. ನಲವತ್ತು ಮನೆಗಳ ತಕರಾರು ಅರ್ಜಿಯನ್ನು ಒಬ್ಬರೇ ಕೂತು ಬರೆದರು. ಸರ್ವೆಯವರ ಪುಸ್ತಕದಲ್ಲಿ ಗಂಜಿಯಕ್ಕನ ಬಯಲಿನ ಮುಂದೆ ಏನಿದೆ ಎಂದು ಓದಿ ಹೇಳಿದವರೂ ಅವರೇ: ‘ಖಾಲಿ ಜಾಗ. ಬೆಳೆ ಇಲ್ಲ, ಮರ ಇಲ್ಲ. ಹಳೆಯ ಬೇಲಿ ಕಂಬಗಳಿವೆ.’ ಗಂಜಿಯಕ್ಕನಿಗೆ ಆ ದಿನ ಊಟ ಸೇರಲಿಲ್ಲ. ಮೂವತ್ತೊಂದು ವರ್ಷ ದುಡಿದದ್ದನ್ನು ಯಾರೋ ಒಂದು ಸಾಲಿನಲ್ಲಿ ಒರೆಸಿ ಹಾಕಿದ್ದರು.

ಸರ್ವೆಯವರು ಬಯಲಿನುದ್ದಕ್ಕೂ, ಅದರಾಚೆಗೂ ಕಡ್ಡಿ ನೆಟ್ಟು ಕೆಂಪು ಬಾವುಟ ಕಟ್ಟಿ ಹೋಗಿದ್ದರು. ಎರಡು ದಿನ ಮಳೆ ಹೊಡೆದು ಬಾವುಟಗಳೆಲ್ಲ ಕೆಸರಾದವು. ಮೂರನೆಯ ಬೆಳಗ್ಗೆ ಗಂಜಿಯಕ್ಕನಿಗೆ ನೋಡಲಾಗಲಿಲ್ಲ. ಕಡ್ಡಿ ಕಿತ್ತು ಬಾವುಟ ಬಿಚ್ಚಿದಳು, ಬಣ್ಣ ಬಿಡದ ಹಾಗೆ ತಣ್ಣೀರಿನಲ್ಲಿ ಒಗೆದು ಗಂಜಿ ಹಾಕಿದಳು. ಗಂಡ ಮರುಮಾತಿಲ್ಲದೆ ಇಸ್ತ್ರಿ ಮಾಡಿಕೊಟ್ಟ. ಎಲ್ಲವನ್ನೂ ದಾರದಲ್ಲಿ ಕಟ್ಟಿ ಸರ್ವೆಯವರ ಶೆಡ್ಡಿಗೆ ಒಯ್ದು ಕೊಟ್ಟಳು. ಯಾವ ಕಡ್ಡಿ ಎಲ್ಲಿತ್ತು ಎಂದು ಅವರು ಕೇಳಿದಾಗಲೇ ಅವಳಿಗೆ ತಾನು ಏನು ಮಾಡಿದೆನೆಂದು ಹೊಳೆದದ್ದು. ಮೂರು ವಾರದ ಅಳತೆ ನೀರುಪಾಲಾಗಿತ್ತು.

ಕಂಪನಿ ದೂರು ಕೊಟ್ಟಿತು. ಊರು ಕುಣಿದಾಡಿತು. ಗಂಜಿಯಕ್ಕ ಹೆಣ್ಣುಹುಲಿ, ಬಾವುಟ ಕಿತ್ತು ಇಸ್ತ್ರಿ ಮಾಡಿ ಮುಖದ ಮೇಲೆ ಎಸೆದಳು ಎಂಬ ಕಥೆಗೆ ಬೀದಿಗೊಂದು ರೆಕ್ಕೆ ಪುಕ್ಕ ಹುಟ್ಟಿತು. ಸುಳ್ಳೇಕೆ, ಎರಡು ದಿನ ಅವಳಿಗೂ ಅದು ಹಿತವಾಗಿಯೇ ಇತ್ತು. ವಿಚಾರಣೆಯಲ್ಲಿ ನೆಲಕ್ಕಾಗಿಯೇ ಕಿತ್ತೆ ಎಂದು ಗಟ್ಟಿಯಾಗಿ ಹೇಳು, ಇಡೀ ಊರು ಬೆನ್ನಿಗಿದೆ ಎಂದರು ಟೀಚರಮ್ಮ. ಅವಳು ತಲೆಯಾಡಿಸಿದಳು. ಗಂಡ ಮಾತ್ರ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಇದ್ದದ್ದು ಇದ್ದಂಗೆ ಹೇಳ್ಬಿಡು ಕಣೇ," ಎಂದ.

ಕಚೇರಿಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭೂಸ್ವಾಧೀನದ ಅಧಿಕಾರಿ ಕಡತ ತೆರೆದು, ಬಾವುಟ ಕಿತ್ತದ್ದು ವಿರೋಧಕ್ಕೋ ಎಂದು ಕೇಳಿದ.

"ಕಿತ್ತಿದ್ದು ನಾನೇ ಸಾಹೇಬ್ರೇ. ಆದ್ರೆ ವಿರೋಧಕ್ಕಲ್ಲ. ಕೊಳೆ ಆಗಿತ್ತು, ಒಗೆದೆ."

ಹಾಲಿನಲ್ಲಿ ನಗು ಎದ್ದಿತು. ಟೀಚರಮ್ಮ ಹಣೆ ಹಿಡಿದುಕೊಂಡರು. ಅಧಿಕಾರಿಗೂ ನಗು ಬಂತು, ಅದನ್ನು ನುಂಗಿಕೊಂಡು, ಹೋಗಲಿ, ದಾಖಲೆಯಲ್ಲಿ ಖಾಲಿ ಜಾಗ ಎಂದಿರುವಾಗ ನಿನ್ನ ತಕರಾರಾದರೂ ಏನು ಎಂದ.

"ನಿಮ್ಮೋರು ಬಂದಿದ್ದು ಸಂಜೆ ಸಾಹೇಬ್ರೇ. ಸಂಜೆಗೆ ಅದು ಖಾಲಿ ಇರ್ಲೇಬೇಕು. ಇಲ್ಲಾಂದ್ರೆ ನಾನು ಅವತ್ತಿನ ಕೆಲಸ ಮುಗಿಸಿಲ್ಲ ಅಂತ. ಬೆಳಗ್ಗೆ ಬಂದು ನೋಡಿ."

ಯಾರೂ ನಗಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ.

ಅವನು ಬಂದ, ಬೆಳಗ್ಗೆ ಒಂಬತ್ತಕ್ಕೇ. ಮೂವತ್ತೆರಡು ಕಂಬದ ತುಂಬ ಬಿಳಿ ಹಾಸುಬಟ್ಟೆ ಗಾಳಿಗೆ ಆಡುತ್ತಿತ್ತು. ಒಳಗೆ ಹೋದವನು ದಾರಿ ತಪ್ಪಿ ಎರಡು ಸಲ ಅದೇ ಕಂಬದ ಹತ್ತಿರ ಬಂದ. ಕೊನೆಗೆ ‘ಬಳಕೆಯಲ್ಲಿದೆ’ ಎಂದು ಬರೆದುಕೊಂಡ. ಜೊತೆಗೆ ಬಂದಿದ್ದ ಕಂಪನಿಯ ಇಂಜಿನಿಯರು ನಕ್ಷೆ ಬಿಚ್ಚಿ ಸ್ವಲ್ಪ ಆಚೆಗೆ ಇನ್ನೊಂದು ಗೆರೆ ಎಳೆದ. ಟೀಚರಮ್ಮ ಬಗ್ಗಿ ಅದನ್ನು ನೋಡಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ನಕ್ಷೆ ಓದಲು ಬಾರದ ಗಂಜಿಯಕ್ಕ ಎಲ್ಲರಿಗೂ ಟೀ ಕೊಡುವ ಸಡಗರದಲ್ಲಿದ್ದಳು.

ಹದಿನೈದು ದಿನಕ್ಕೆ ಆದೇಶ ಬಂತು: ಬಯಲು ಉಳಿಯಿತು, ದೂರೂ ಬಿದ್ದುಹೋಯಿತು. ಗಂಡ ಆ ದಿನ ಇಪ್ಪತ್ತು ಮಾತಾದರೂ ಆಡಿರಬೇಕು. ಅದರ ಮರುವಾರ, ಒಗೆದ ಅಂಗಿಗಳನ್ನು ಮನೆಮನೆಗೆ ಕೊಡುತ್ತ ಹೋದವಳಿಗೆ ಟೀಚರಮ್ಮನ ಹಿತ್ತಲಿನ ನಿಂಬೆ ಗಿಡಗಳ ನಡುವೆ ಕೆಂಪು ಬಾವುಟ ಕಂಡಿತು. ಗಂಟನ್ನು ಅಲ್ಲೇ ಜಗುಲಿಯ ಮೇಲಿಟ್ಟು ಒಳಗೆ ಹೋದಳು.

"ಕೊಳವೆ ಇಲ್ಲಿಗೆ ಬರುತ್ತೆ ಅಂತ ನಿಮಗೆ ಆವತ್ತೇ ಗೊತ್ತಿತ್ತಾ ಟೀಚರಮ್ಮ?"

"ಮೂವತ್ತು ವರ್ಷ ಮಕ್ಕಳಿಗೆ ನಕ್ಷೆ ಓದೋದು ಕಲಿಸಿದೀನಿ. ಗೊತ್ತಾಗ್ದೆ ಇರುತ್ತಾ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಬಾಯಿ ಬಿಟ್ಟಿದ್ರೆ ಗೆರೆ ವಾಪಸ್ ನಿನ್ನ ಹಗ್ಗದ ಕೆಳಗೇ ಬರ್ತಿತ್ತು. ನನಗೆ ಪೆನ್ಷನ್ ಇದೆ. ನಿನಗೆ ಏನಿದೆ?"

ಗಂಜಿಯಕ್ಕ ಅಲ್ಲೇ ಕೂತು ಅತ್ತಳು. ಅವಳಿಗೆ ಅಳುವುದೂ ಒಗೆಯುವ ಹಾಗೆಯೇ, ಪೂರಾ ಹಿಂಡಿ ಮುಗಿಸಿದ ಮೇಲೆಯೇ ನಿಲ್ಲುವುದು. ಟೀಚರಮ್ಮ ಗದರಿದರು, ನೀರು ತಂದುಕೊಟ್ಟರು. ನಿಮ್ಮ ತಕರಾರು ಬರೆದು ಕೊಟ್ಟಿರಾ ಎಂದು ಗಂಜಿಯಕ್ಕ ಮೂಗು ಒರೆಸಿಕೊಳ್ಳುತ್ತ ಕೇಳಿದಳು. ಇಲ್ಲ ಎಂದರು ಟೀಚರಮ್ಮ. ಮೂರು ಸಲ ಕೂತರಂತೆ, ತಮ್ಮದನ್ನು ತಾವೇ ಕೇಳಿಕೊಳ್ಳಲು ಕೈ ಬರಲಿಲ್ಲವಂತೆ. ಕೊಡಲು ಇನ್ನು ನಾಲ್ಕೇ ದಿನ ಬಾಕಿ ಇತ್ತು.

ಗಂಜಿಯಕ್ಕ ಎದ್ದು ಮೇಜಿನ ಮೇಲಿದ್ದ ಕಾಗದ, ಪೆನ್ನು ತಂದು ಅವರ ಮುಂದಿಟ್ಟಳು. ಹಿತ್ತಲ ಬಾಗಿಲು ಪೂರ್ತಿ ತೆರೆದು, ಗಿಡಗಳು ಕಾಣುವ ಹಾಗೆ ಹೊಸ್ತಿಲ ಮೇಲೆ ನಿಂತಳು.

"ನಾನು ಹೇಳ್ತಾ ಹೋಗ್ತೀನಿ, ನೀವು ಬರೀರಿ. ನಾನು ಸುಳ್ಳು ಹೇಳಲ್ಲ ಅಂತ ಆ ಸಾಹೇಬ್ರಿಗೆ ಈಗ ಗೊತ್ತು. ಸಾಕ್ಷಿಗೂ ನಾನೇ ಬರ್ತೀನಿ."

ಟೀಚರಮ್ಮ ಪೆನ್ನು ಹಿಡಿದು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೊದ್ಲು ಏನು ಬರೀಲಿ?" ಎಂದರು ನಲವತ್ತು ಅರ್ಜಿ ಬರೆದವರು.

"ನಿಮ್ಮ ಹೆಸರು ಬರೀರಿ," ಎಂದಳು ಗಂಜಿಯಕ್ಕ.