ಶಾಫ್ಟಿಗೆ ಎಷ್ಟು ಬರುತ್ತದೆ?

ನಿನ್ನೆ ಭಟ್ಕಳದ ಬಿಡಿಭಾಗದ ಅಂಗಡಿಯಲ್ಲಿ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಆ ವಾಸನೆಗೆ ಆಚೆಮನೆ ಅಕ್ಕ ಎದುರು ಬಂದು ನಿಂತಂತಾಯಿತು. ಶಿರಾಲಿಯ ನಮ್ಮ ಕೇರಿಯಲ್ಲಿ ಸೆರಗಿಗೆ ಗ್ರೀಸ್ ಹತ್ತಿಸಿಕೊಂಡು ಓಡಾಡಿದ ಹೆಂಗಸು ಅವಳೊಬ್ಬಳೇ.

ನಮ್ಮ ಮಹಿಳಾ ಸಂಘ ಟ್ರ್ಯಾಕ್ಟರ್ ಕೊಳ್ಳುತ್ತದೆ ಎಂದಾಗ ಊರಿನವರು ನಕ್ಕಿದ್ದರು. ಅಕ್ಕ ನನ್ನನ್ನು ಕರೆದುಕೊಂಡು ಷೋರೂಮಿಗೆ ಹೋದಳು. ಅಲ್ಲಿನವನು ಒಂದು ಟ್ರ್ಯಾಕ್ಟರನ್ನೂ, ಅದರ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ಅಗಲದ ರೋಟವೇಟರನ್ನೂ ತೋರಿಸಿದ.

"ಇದಕ್ಕೆ ಮೂವತ್ತೈದು ಎಚ್‌ಪಿ ಬೇಕು. ಟ್ರ್ಯಾಕ್ಟರ್ ಮೂವತ್ತೈದೇ ಇದೆ. ಸರಿಹೋಯ್ತಲ್ಲ?"

"ಅದು ಇಂಜಿನ್ನಿನ ಲೆಕ್ಕ ಅಲ್ವಾ? ಹಿಂದೆ ರೋಟವೇಟರ್ ತಿರುಗ್ಸೋ ಶಾಫ್ಟಿಗೆ ಎಷ್ಟು ಬತ್ತದೆ?" ಅಕ್ಕ ಕೇಳಿದಳು.

ಅವನು ಅವಳನ್ನು ಬಿಟ್ಟು ನನ್ನ ಮುಖ ನೋಡಿದ. "ಎರಡೂ ಒಂದೇ ಅಮ್ಮ. ಮನೇಲಿ ಗಂಡಸರಿದ್ರೆ ಕಳಿಸಿ, ಅವರಿಗೆ ಹೇಳ್ತೇನೆ."

ಅಕ್ಕ ಕುರ್ಚಿ ಎಳೆದು ಕೂತಳು. "ನಾವು ಹತ್ತು ಜನ ನಟ್ಟಿಗೆ ಹೋಗ್ತೇವೆ. ಒಬ್ಬಳು ಗಂಜಿ ಬೇಯ್ಸ್ತಾಳೆ, ಒಬ್ಬಳು ಅಗೆ ಸಸಿ ಹೊರ್ತಾಳೆ. ಬಗ್ಗಿ ನೆಡೋದು ಎಂಟೇ ಜನ. ನಾ ಕೇಳೂದು ಬಗ್ಗೋರ ಲೆಕ್ಕ."

ಇಂಜಿನ್ನಿನ ಬಲದಲ್ಲಿ ಒಂದು ಪಾಲು ಗೇರು, ಪಂಪುಗಳಲ್ಲೇ ಕಳೆದುಹೋಗುತ್ತದೆ, ಶಾಫ್ಟಿಗೆ ಮುಟ್ಟುವುದು ಉಳಿದದ್ದಷ್ಟೇ ಎಂದು ನನಗೆ ಅರ್ಥವಾದದ್ದು ಆಗ. ಬಾಡಿಗೆ ಟ್ರ್ಯಾಕ್ಟರುಗಳು ತನ್ನ ಗದ್ದೆಯಲ್ಲಿ ನಿಂತಾಗಲೆಲ್ಲ ಡ್ರೈವರುಗಳನ್ನು ಕೇಳಿ ಕೇಳಿ ಅವಳು ಅದನ್ನೂ, ಓಡಿಸುವುದನ್ನೂ ಕಲಿತಿದ್ದಳು...

"ನನ್ನ ಗದ್ದೆಗೆ ತಂದು ಉತ್ತು ತೋರ್ಸಿ. ಸಹಿ ಆಮೇಲೆ."

ತಂದರು. ಜಿಗುಟು ಮಣ್ಣಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಕಪ್ಪು ಹೊಗೆ ಉಗುಳಿ ಇಂಜಿನ್ ನಿಂತಿತು. ಯಂತ್ರದ್ದಲ್ಲ, ಓಡಿಸಿದ ತಮ್ಮ ಹುಡುಗನ ತಪ್ಪು ಎಂದರು ಷೋರೂಮಿನವರು. ಅಕ್ಕ ಸೆರಗು ಸಿಕ್ಕಿಸಿ ತಾನೇ ಹತ್ತಿ, ಸಣ್ಣ ಗೇರಿನಲ್ಲಿ ಬಿಟ್ಟಳು. ಮತ್ತೆ ನಿಂತಿತು.

"ಈಗ ಎಂತ ಹೇಳ್ತ್ರಿ?" ಎಂದಳು ಸೀಟಿನ ಮೇಲಿಂದಲೇ. ನಗಲೆಂದೇ ಬದುವಿನ ಮೇಲೆ ಸೇರಿದ್ದವರು ಯಾರೂ ನಗಲಿಲ್ಲ. ಟ್ರ್ಯಾಕ್ಟರ್ ಅದೇ ಇರಲಿ, ಅಗಲ ಕಡಿಮೆಯ ರೋಟವೇಟರ್ ಕೊಡುತ್ತೇವೆಂದು ಬರೆಸಿಕೊಂಡ ಮೇಲೆಯೇ ಅವಳು ಇಳಿದದ್ದು.

ಎಷ್ಟೋ ಮಳೆಗಾಲ ಅವಳೇ ಅದನ್ನು ಓಡಿಸಿದಳು. ಪಕ್ಕದೂರು ಹೆಬಳೆಯಿಂದಲೂ ಉಳುವುದಕ್ಕೆ ಕರೆ ಬರುತ್ತಿತ್ತು. ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ... ಹದಿಮೂರನೆಯ ದಿನದ ಊಟ ಮುಗಿದಿತ್ತಷ್ಟೇ, "ಇನ್ನೆಂತಕ್ಕೆ ನಿಮಗೆ ಅದು? ಮಾರಿಬಿಡಿ" ಎನ್ನುತ್ತ ಜನ ಬಂದರು.

ಮಾರಲಿಲ್ಲ. ಮಾರುವುದೂ ಇಲ್ಲ. ಈಗ ನಾವು ಮೂವರು ಹೆಂಗಸರು ಓಡಿಸುತ್ತೇವೆ. ನಾನು ತಿರುಗಿಸುವಾಗ ಗದ್ದೆಯ ಮೂಲೆಗಳು ಉಳಿದುಬಿಡುತ್ತವೆ. "ಏ, ಮೂಲೆ ಬಿಟ್ಟೆ ಕಾಣು!" ಎಂದು ಬೈಯಬೇಕಾದವಳು ಇಲ್ಲ. ಇಂಜಿನ್ ನಿಲ್ಲಿಸಿ, ಗುದ್ದಲಿ ಹಿಡಿದು ಇಳಿಯುತ್ತೇನೆ.