ಮಣ್ಣಿನ ಮನೆಯವರು

ಆಸ್ಟ್ರೇಲಿಯಾದ ಪಾಯಿಂಟ್ ಕುಕ್‌ನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯವರು ಅಮೆರಿಕದ ಬಯಲುಸೀಮೆಯ ಮೂಲನಿವಾಸಿ ಹೆಂಗಸು. ಹಿತ್ತಿಲಲ್ಲಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು. ಯಾಕೆಂದು ಕೇಳಿದರೆ, “ನಮ್ಮವರು ಹೀಗೇ ಮಾಡ್ತಾರೆ” ಎನ್ನುವರು. ಸಾವಿರ ವರ್ಷದ ಹಿಂದಿನವರ ಬಗ್ಗೆಯೂ ‘ಮಾಡ್ತಿದ್ರು’ ಎಂದವರಲ್ಲ.

ಒಂದು ಭಾನುವಾರ ನನ್ನ ಮಗಳಿಗೆ ತಮ್ಮ ಆ ಪೂರ್ವಿಕರ ಮನೆಯನ್ನು ಪುಟ್ಟದಾಗಿ ಕಟ್ಟಿ ತೋರಿಸುತ್ತಿದ್ದರು. ನಡುವೆ ಒಲೆ, ಸುತ್ತ ನಾಲ್ಕು ಕಂಬ, ಮೇಲೆ ದಿಬ್ಬದಂತೆ ಮಣ್ಣು. ಕೆಸರು ಮೆತ್ತುತ್ತಲೇ ಮಗಳು ಕೇಳಿಬಿಟ್ಟಳು: “ಆಂಟಿ, ಅವರೆಲ್ಲ ಡೆಡ್ ಅಲ್ವಾ?”

ನಾನು ಅವಳನ್ನು ಗದರಲು ಹೋದೆ. ಅವರು ಮಾತ್ರ ಅವಳ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, “ಬೆಚ್ಚಗಿದೆಯಾ, ಮರಿ?” ಎಂದರು. ಮಗಳು ಹೂಂ ಎಂದು ನಕ್ಕಳು.

ಸಂಜೆ ನಾನು ಒಣಗಿದ ಬಟ್ಟೆ ತೆಗೆಯಲು ಹೋದಾಗ ಬೇಲಿಯಾಚೆ ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು. ಕೆನ್ನೆಯ ಮೇಲಿನ ಆ ಪುಟ್ಟ ಕೆಸರುಗೈಯ ಅಚ್ಚನ್ನು ಇನ್ನೂ ತೊಳೆದಿರಲಿಲ್ಲ.